ಗುಂಡಿ ಒತ್ತುವ ಹೊತ್ತು

ಮೈಸೂರಿನ ಆ ಕೋಣೆಯ ಗೋಡೆಗೆಲ್ಲ ಸ್ಪಂಜು.
ಕೆಮ್ಮಿದರೆ ಕೆಮ್ಮು ಬಾಯಲ್ಲೇ ಉಳಿಯುತ್ತದೆ.
ರಿಫಾತ್ ಎಂಬ ಹುಡುಗಿ ನನ್ನ ಓಲೆ ಬಿಚ್ಚಿ ಕೈಗೆ ಕೊಟ್ಟು
ಕಿವಿಗೆ ಹೆಡ್‌ಫೋನು ಕೂರಿಸಿ,
"ಪರದೆ ಮೇಲೊಂದು ಚುಕ್ಕಿ ಬೆಳೀತಾ ಬರುತ್ತೆ.
ಮುಖಕ್ಕೆ ಮುಟ್ಟಿತು ಅನ್ನಿಸಿದಾಗ
ಗುಂಡಿ ಒತ್ತಿ, ಚೆಲುವಾಜಮ್ಮ" ಅಂದಳು.
ಇಷ್ಟಕ್ಕೆ ಮುನ್ನೂರು ರೂಪಾಯಿ, ಬಂದುಹೋಗುವ ಖರ್ಚು,
ಇನ್ನೂ ಹಸಿರು ಮಾಸದ ಒಂದು ಬಾಳೆಹಣ್ಣು.

ಸಾಸಿವೆಯಷ್ಟಿತ್ತು.
ನಿಂಬೆಯಾಯಿತು, ತೆಂಗಿನಕಾಯಾಯಿತು.
ಕಿವಿಯೊಳಗೂ ದುಂಬಿಯಷ್ಟಿದ್ದ ಗುಂಯ್
ಆಲೆಮನೆಯ ಎಂಜಿನ್ನಾಗಿ ಮೇಲೇರಿ ಬಂತು.
ತಲೆ ಹಿಂದಕ್ಕೆ ಹೋಗಿತ್ತು, ಕುರ್ಚಿ ಕಿರ್ರೆಂದಿತ್ತು,
ಒತ್ತಿಬಿಟ್ಟಿದ್ದೆ.

"ಬೇಗ ಒತ್ತಿದಿರಿ.
ಬರೀ ಚುಕ್ಕಿಗಾದರೆ ಇಷ್ಟು ಬೇಗ ಒತ್ತಲ್ಲ,
ಬರೀ ಸದ್ದಿಗೂ ಒತ್ತಲ್ಲ ಯಾರೂ.
ಎರಡೂ ಒಟ್ಟಿಗೆ ಬೆಳೆದರೆ ಎಲ್ಲರ ಮಿದುಳಿಗೂ ಗಾಬರಿ" ಅಂದಳು.

ಬೇಗ ಒತ್ತದೆ ಇನ್ನೇನು ಮಾಡಲಿ ತಾಯಿ,
ಹತ್ತೊಂಬತ್ತು ವರ್ಷ ಯಲಿಯೂರಿನ ಈಚೆ ರೈಲ್ವೆ ಗೇಟು ಹಾಕಿದವಳು.
ಅಲ್ಲಿ ಬೇಗ ಅಂದರೆ ಸಂಬಳ,
ತಡ ಅಂದರೆ ವಿಚಾರಣೆ.
ಫೋನು ಸತ್ತ ರಾತ್ರಿಗಳಲ್ಲಿ
ಕಬ್ಬಿನ ಗರಿಯ ತುದಿಗೆ ಹಳದಿ ಸವರಿದ ಹಾಗೆ ಮೊದಲು ಬೆಳಕು.
ಆಮೇಲೆ ಸದ್ದು, ಅದೂ ಕಿವಿಗಲ್ಲ, ಅಂಗಾಲಿಗೆ.
ಬೆಳಕೊಂದೇ ಆದರೆ ಹಾಲಿನ ವ್ಯಾನೂ ಆದೀತು,
ಸದ್ದೊಂದೇ ಆದರೆ ನಾಲೆಗೆ ಬಿಟ್ಟ ನೀರೂ ಆದೀತು.
ಎರಡೂ ಒಳಗೆಲ್ಲೋ ಬಂದು ಕೈ ಕೈ ಹಿಡಿದಾಗ
ಕಾಲು ನನ್ನನ್ನು ಕೇಳದೆ ಎದ್ದು ನಿಂತಿರುತ್ತಿತ್ತು.

ಇನ್ನೊಂದಾಟ. ಮಿಂಚು ಮೊದಲೋ, ಟಕ್ ಮೊದಲೋ?
ನನಗೆ ಪಶ್ಚಿಮವಾಹಿನಿ ನೆನಪಾಯಿತು.
ಆಚೆ ದಡದಲ್ಲಿ ಮಡಿವಾಳರ ಚಿಕ್ಕಮಾದಪ್ಪ
ಬಟ್ಟೆ ಬಂಡೆಗೆ ಬಡಿದರೆ ಸದ್ದೇ ಇಲ್ಲ,
ಬಟ್ಟೆ ತಲೆಯ ಮೇಲಕ್ಕೆ ಹೋದಾಗ ಪಟ್!
ಗಾಳಿಯನ್ನು ಒಗೆಯುತ್ತಾನೆ ಅಂದುಕೊಂಡಿದ್ದೆ, ಆರು ವರ್ಷದವಳು.
ಹರಿಗೋಲು ಆಚೆಗೆ ಸರಿದಂತೆ
ಸದ್ದು ಅವನ ಕೈಯ ಬೆನ್ನು ಹತ್ತಿ, ಹತ್ತಿ,
ದಡ ಮುಟ್ಟುವಾಗ ಕೈಗೂ ಸದ್ದಿಗೂ ಒಂದೇ ಏಟು.
"ಸಣ್ಣಪುಟ್ಟ ತಡವನ್ನ ಮಿದುಳು ಮನ್ನಿಸುತ್ತೆ."
ಮನ್ನಿಸುತ್ತೆ ಅಂದಳಲ್ಲ,
ಆ ಮಾತು ನನಗೆ ಹಿಡಿಸಿತು.

ಮೂರನೆಯದರಲ್ಲಿ ಸೋತೆ.
ಚುಕ್ಕಿ ಬೆಳೆಯುತ್ತ ಬಂತು,
ಸದ್ದು ಸಣ್ಣಗಾಗುತ್ತ ಹೋಯಿತು.
ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತು.
ಕೆ.ಆರ್. ಆಸ್ಪತ್ರೆಯಲ್ಲಿ, ಗೋಡೆ ಕಡೆಯ ಮಂಚದಲ್ಲಿ,
ನಾನು ಬಗ್ಗಿ ಬಗ್ಗಿ ಹತ್ತಿರ ಹೋದಷ್ಟೂ
ನಮ್ಮೆಜಮಾನ್ರ ಮುಖ ದೊಡ್ಡದಾಗುತ್ತ,
"ಗೇಟ್ ಹಾಕಿದ್ಯಾ" ಅಂದ ದನಿ ಮಾತ್ರ
ಮದ್ದೂರು ದಾಟಿದ ಗಾಡಿಯ ಹಾಗೆ.

"ಯಾಕೆ ಒತ್ತಲಿಲ್ಲ?"
"ಬತ್ತಾ ಐತೋ ಓಯ್ತಾ ಐತೋ ಗೊತ್ತಾಗ್ನಿಲ್ಲ ಕಣವ್ವ."
ಅದನ್ನೂ ಬರೆದುಕೊಂಡಳು.

ಸಂಜೆಯ ಪ್ಯಾಸೆಂಜರು, ಕಿಟಕಿ ಪಕ್ಕದ ಸೀಟು.
ಗಾಡಿಯೊಳಗೆ ಕೂತವರ ಕಡೆಗೆ ಗಾಡಿ ಬರುವುದಿಲ್ಲ,
ಇದು ಇಷ್ಟು ವರ್ಷ ಹೊಳೆದಿರಲಿಲ್ಲ.
ಗೇಟಿದ್ದ ಜಾಗದಲ್ಲಿ ಈಗ ಕೆಳಸೇತುವೆ,
ಅದರೊಳಗೆ ಮೊಣಕಾಲುದ್ದ ನೀರು.
ಮೇಲೆ ಕಂಬಿ ಬೇಲಿಗೆ ಒರಗಿ ಒಬ್ಬ ಹುಡುಗ
ಎರಡೂ ಕಿವಿಗೆ ಬೆರಳು ತುರುಕಿ
ಕಣ್ಣರಳಿಸಿ ನಮ್ಮನ್ನೇ ನೋಡುತ್ತಿದ್ದ.
ಬೆರಳು ತೆಗೆದ. ಬೆಚ್ಚಿದ. ನಕ್ಕ.
ಮತ್ತೆ ತುರುಕಿದ, ಮತ್ತೆ ತೆಗೆದ.

ನನ್ನ ಕೈ ತನ್ನಷ್ಟಕ್ಕೆ
ಚೀಲದಲ್ಲಿ ಹಸಿರು ಬಾವುಟ ತಡಕಿತು.
ಸಿಕ್ಕಿದ್ದು ರಿಫಾತ್ ಕೊಟ್ಟ ಬಾಳೆಹಣ್ಣು.
ಅದನ್ನೇ ಕಿಟಕಿಯಾಚೆ ನೀಡಿ,
ಅವನು ದಾಟುವತನಕ ಹಿಡಿದಿದ್ದೆ.