ಹುರಿಗಡಲೆ ಅಂಗಡಿಯ ದನಿ

ಝರ್ಕಾದಲ್ಲಿ ಆಗ ರಾತ್ರಿ ಒಂಬತ್ತಕ್ಕೆ ಬೀದಿ ಬರಿದು.
ಟರ್ಕಿಯ ಧಾರಾವಾಹಿಯ ಗಂಡ
ಸಮುದ್ರದಂಚಿನ ಮನೆಯಲ್ಲಿ
ಹೆಂಡತಿಗೆ ತಾನೇ ಚಹಾ ತಂದುಕೊಟ್ಟು
‘ಸುಸ್ತಾಯಿತೇ, ನನ್ನ ಜೀವವೇ?’ ಅನ್ನುತ್ತಿದ್ದ
ಅಚ್ಚ ಡಮಾಸ್ಕಸ್ಸಿನ ಅರಬ್ಬಿಯಲ್ಲಿ.
ತುಟಿಯದೊಂದು, ಮಾತಿನದೊಂದು.

ಅನ್ನ ತುಂಬಲು ಬದನೆ ಕೊರೆಯುತ್ತಿದ್ದ ಅಮ್ಮ
ಚಾಕು ನಿಲ್ಲಿಸಿ ಅಪ್ಪನ ಕಡೆ ನೋಡುವಳು.
ಬಸ್ ಡಿಪೋದ ಗ್ರೀಸು ಉಗುರಲ್ಲೇ ಇಟ್ಟುಕೊಂಡು
ಅಪ್ಪ ಚಾನೆಲ್ ಬದಲಿಸುವನು.
ಶುಕ್ರವಾರ ಮಸೀದಿಯಲ್ಲಿ ಇಮಾಮರು ಬೈದರು;
ಶನಿವಾರ ಅವರ ಹೆಂಡತಿ ಬಂದು
ತಪ್ಪಿಹೋದ ಕಂತಿನ ಕಥೆ ಕೇಳಿಕೊಂಡು ಹೋದರು.
ಆ ವರ್ಷ ನಮ್ಮ ಓಣಿಯಲ್ಲಿ ಹುಟ್ಟಿದ
ಮೂರು ಹೆಣ್ಣುಕೂಸಿಗೂ ನಾಯಕಿಯದೇ ಹೆಸರು.

ಆಮೇಲೆ ಸಿರಿಯಾದಲ್ಲಿ ಯುದ್ಧ.
ಬೀದಿಯ ತಿರುವಿಗೆ ಹುರಿಗಡಲೆ ಅಂಗಡಿಯೊಂದು ಬಂತು.
ಗಿಡ್ಡ, ಬೋಳುತಲೆಯ ಮುಂಝಿರ್
ತಕ್ಕಡಿಯಿಂದ ಕಣ್ಣೆತ್ತದೆ ಕೇಳಿದ:
‘ಅರ್ಧ ಕಿಲೋ ಸಾಕೇ, ತಾಯಿ?’

ಅಮ್ಮನ ಕೈಚೀಲ ಜಾರಿತು.
ಅದೇ ದನಿ.

‘ಕಂತಿಗಿಷ್ಟು ಅಂತ ಕೊಡುತ್ತಿದ್ದರು.
ಆ ಮುಖದವನನ್ನು ನಾನು ಕಂಡೇ ಇಲ್ಲ.
ಮನೆಯಲ್ಲಿ ಒಂದು ದಿನವೂ ಹಾಗೆ ಮಾತಾಡಿದವನಲ್ಲ.
ಈಗ ಆಡೋಣವೆಂದರೆ...’
ಇನ್ನೊಂದು ಹಿಡಿ ಕಡಲೆ ಸುರಿದು ಪೊಟ್ಟಣ ಕಟ್ಟಿದ.

ಅಮ್ಮ ಅದನ್ನು ಊಟದ ಹೊತ್ತಿಗೆ ಹೇಳಿದಳು.
ಅಪ್ಪ ಏನೂ ಅನ್ನಲಿಲ್ಲ.
ಕಡಲೆ ತರಲು ಈಗ ತಾನೇ ಹೋಗುತ್ತಾನೆ,
ತುಸು ತಡವಾಗಿ ಬರುತ್ತಾನೆ.

ಒಂದು ರಾತ್ರಿ ಕರೆಂಟು ಹೋಗಿತ್ತು.
ಚಹಾದ ಲೋಟ ಅವಳ ಪಕ್ಕ ಕುಕ್ಕಿ
‘ಸುಸ್ತಾ?’ ಅಂದ, ಗೋಡೆಗೆ ಹೇಳಿದ ಹಾಗೆ.
ಸಕ್ಕರೆ ಮರೆತಿದ್ದ.
ಅಮ್ಮ ಪೂರ್ತಿ ಕುಡಿದಳು.