ಉಕ್ಕಿನ ಕೈ

ಶಾರ್ಜಾದ ಹೊರವಲಯ, ರಂಜಾನಿನ ಹದಿನೇಳನೆಯ ರಾತ್ರಿ.
ಗಾಜಿನಾಚೆ ಕಸದ ಕಣಿವೆ. ವಾಸನೆ ಇತ್ತ ಬಾರದು,
ಕಣ್ಣಿಗೆ ಮಾತ್ರ ಬರುತ್ತದೆ.

ಕೋಲು ಮುಂದೊತ್ತಿದರೆ ಆರು ಬೆರಳಿನ ಕ್ರೇನು
ಇಳಿದು, ಊರನ್ನೇ ಹಿಡಿಹಿಡಿಯಾಗಿ ಎತ್ತುತ್ತದೆ:
ಹರಿದ ಖುಬ್ಬೂಸು, ಮುಟ್ಟದೆ ಬಿಟ್ಟ ಬಿರಿಯಾನಿ,
ಡಯಾಪರು, ಗಾಲಿಯಿಲ್ಲದ ಸೂಟ್‌ಕೇಸು.
ಹಸಿಯನ್ನು ಒಣಗಿದ್ದರ ಜೊತೆ ಕಲಸಬೇಕು,
ಅಪ್ಪ ಗಾರೆ ಕಲಸುತ್ತಿದ್ದ ಹಾಗೆ;
ಇಲ್ಲದಿದ್ದರೆ ಕುಲುಮೆ ಮುನಿಯುತ್ತದೆ.

ಇವತ್ತು ಉಗುರಿಗೆ ಸಿಕ್ಕಿ ತೂಗಾಡಿತು ಒಂದು ಚೀಲ.
ಮೇಲೆ ಹರಿದುಳಿದ ಕನ್ನಡ: ‘…ಳ ಕುಚ್ಚಲಕ್ಕಿ’.
ಕಾರ್ಕಳವೋ, ಬಂಟ್ವಾಳವೋ, ಭಟ್ಕಳವೋ—
ಊರು ಹರಿದುಹೋಗಿತ್ತು, ಅಕ್ಕಿ ಯಾರೋ ಉಂಡಿದ್ದರು.

ಉಕ್ಕಿನ ಕೈಗೆ ಓದು ಬಾರದು.
ನನಗೆ ಬರುತ್ತದೆ. ನಿಲ್ಲಿಸಿದೆ.
ಪರದೆಯ ಮೇಲೆ ಉರಿಯ ಅಂಕಿ ಒಂದೊಂದೇ ಮೆಟ್ಟಿಲು
ಇಳಿಯತೊಡಗಿತು. ವೈರ್‌ಲೆಸ್ಸಿನಲ್ಲಿ ಫೋರ್‌ಮನ್ ಕೆಮ್ಮಿದ.
ಸುರಿದೆ.

ಬೆಳಗಿನ ಜಾವ ಕ್ಯಾಂಪಿನಲ್ಲಿ ಬೂಟು ಬಿಚ್ಚುತ್ತಿದ್ದರೆ
ಮೇಲಿನ ಮಂಚದಿಂದ ಇದ್ದಿನಬ್ಬ ಗೊಣಗಿದ:
‘ಲೈಟು ಆರಿಸು ಮಾರಾಯ, ಕಣ್ಣಿಗೆ ಹೊಡೀತದೆ.’

ಸ್ವಿಚ್ಚಿನ ಮೇಲೆ ಬೆರಳಿತ್ತು.
‘ತಡಿ,’ ಎಂದೆ, ‘ಒಂದು ಚೂರು.
ಅನ್ನ ಇನ್ನೂ ಬೇಯುತ್ತಾ ಉಂಟು.’