ಟಿಕ್ ಹಾಕುವ ಮುನ್ನ

ಎಂಟೂ ನಲವತ್ತಕ್ಕೆ ಫೋನು ಟಿಂಗ್ ಎನ್ನುತ್ತದೆ:
ಹನ್ನೊಂದು ಬ್ರೆಡ್ಡು, ನಾಲ್ಕು ಡಬ್ಬ ಮೊಸರು,
ಒಂದು ಕ್ರೇಟು ಬಾಳೆಹಣ್ಣು, ಚುಕ್ಕೆ ಬಿದ್ದದ್ದು,
ಇಪ್ಪತ್ತು ಟಿನ್ನು ಮೀನು.
ಯಾರಾದರೂ ಇದ್ದೀರಾ?

ಇದ್ದೇನೆ ಅಂತ ಒತ್ತುತ್ತೇನೆ.
ಆಸ್ಪತ್ರೆಯ ಲ್ಯಾಬಿನ ಸೋಪು ಇನ್ನೂ ಕೈಯಲ್ಲಿ ಘಮ್ಮೆನ್ನುತ್ತಿದೆ.
ಮೀನು ಮುಟ್ಟದ ಮನೆಯವಳು ನಾನು;
ಇಪ್ಪತ್ತೂ ಟಿನ್ನು ಹಿಂದೆ, ಮಗಳ ಸೀಟಿನ ಪಕ್ಕ,
ಬೆಲ್ಟು ಕಟ್ಟಿಕೊಂಡು ಕೂತಿವೆ.

ಹಲ್ ಊರಿನ ಮಂಜು ನದಿಯಿಂದೆದ್ದು
ಹೇಳದೆ ಕೇಳದೆ ಬೀದಿಯೊಳಗೆ ಬರುತ್ತದೆ.
ಕೆನೆಬಣ್ಣದ ಟೆಲಿಫೋನ್ ಪೆಟ್ಟಿಗೆಯೊಂದು
ಯಾರೂ ಮಾತಾಡಿಸದೆ ಮೂಲೆಯಲ್ಲಿ ನಿಂತಿದೆ.
ಎಡಕ್ಕೆ, ಅನ್ನುತ್ತದೆ ಫೋನು. ಮತ್ತೆ ಎಡಕ್ಕೆ.
ಅದಕ್ಕೆ ರಸ್ತೆ ಗೊತ್ತು,
ರಸ್ತೆ ಅಗೆದಿರುವುದು ಗೊತ್ತಿಲ್ಲ.

ಆರನೇ ಬಾಗಿಲು. ಮಾರಿಸ್ ಸ್ಟ್ಯಾದರ್ಸ್, ಒಬ್ಬರೇ.
ಚೀಲ ಇಟ್ಟು, ಫೋಟೋ ತೆಗೆದು, ಟಿಕ್ ಹಾಕಿ
ಹೊರಟುಬಿಡಬೇಕು; ನಿಯಮ ಹಾಗಿದೆ,
ನಾಚಿಕೊಳ್ಳುವವರಿಗೆ ಅದೇ ಮರ್ಯಾದೆ.

ಕಾರಿನ ಕಡೆ ತಿರುಗಿದ್ದೆ. ಬಾಗಿಲು ತೆರೆಯಿತು.
"ಇದರ ಬಾಯಿ ಹೇಗೆ ತೆಗೆಯಲಿ, ಲವ್?"
(ಇಲ್ಲಿ ಎಲ್ಲರನ್ನೂ ಹಾಗೇ ಕರೆಯುತ್ತಾರೆ,
ನಮ್ಮ ಕಡೆ ತಾಯೀ ಅಂದಹಾಗೆ.)
ಎಳೆಯಲು ಉಂಗುರವಿಲ್ಲದ ಟಿನ್ನು.
ಹದಿನೈದಕ್ಕೇ ಮೀನಿನ ಹಡಗು ಹತ್ತಿದವರಂತೆ,
ಐಸ್‌ಲ್ಯಾಂಡಿನ ಆಚೆ, ಹಗ್ಗವೂ ಹೆಪ್ಪುಗಟ್ಟುವ ಕಡೆ.
ಬಲಗೈಯಲ್ಲಿ ಎರಡು ಬೆರಳಿಲ್ಲ.
"ಬದುಕಿದ್ದಾಗ ಇವನ್ನು ಟನ್ನುಗಟ್ಟಲೆ ಹಿಡಿದೆ.
ಸತ್ತ ಮೇಲೆ ಕೈಗೆ ಸಿಗುತ್ತಿಲ್ಲ ನೋಡು."
ನಕ್ಕರು. ನಾನೂ ನಕ್ಕೆ, ನಗಬಹುದೋ ಇಲ್ಲವೋ ತಿಳಿಯದೆ.

ಫೋನಿನಲ್ಲಿ ಹುಡುಕಿದೆ:
ಕೊಟ್ಟಾಯಿತು. ಯಾರೂ ಇಲ್ಲ. ವಿಳಾಸ ತಪ್ಪು.
ಓಪನರ್ ಇಲ್ಲ ಅನ್ನಲಿಕ್ಕೆ ಗುಂಡಿಯಿಲ್ಲ.

ಕಾರಿನಲ್ಲಿ ಸ್ಕ್ರೂಡ್ರೈವರ್ ಇತ್ತು, ಅಂಗಳದಲ್ಲಿ ಇಟ್ಟಿಗೆ.
ಮೆಟ್ಟಿಲ ಮೇಲೆ ಕೂತು ಕುಟ್ಟಿದೆ.
ಅವರು ಟಾರ್ಚು ಹಿಡಿದು ಹೇಳಿಕೊಡುತ್ತಿದ್ದರು:
ಅಂಚಿನಿಂದ, ನಿಧಾನ, ನಡುವಿನಿಂದಲ್ಲ.
ಎಣ್ಣೆ ಮೊಣಕೈವರೆಗೆ ಇಳಿಯಿತು.
ಅಜ್ಜಿ ಇದ್ದಿದ್ದರೆ ಬಾವಿಗೆ ಅಟ್ಟುತ್ತಿದ್ದಳು,
ತಲೆಗೆ ಸ್ನಾನ ಮಾಡಿ ಬಾ ಅಂತ.

ಅಷ್ಟರಲ್ಲಿ ಫೋನು ಎರಡು ಸಲ ಕೇಳಿತ್ತು:
ತಡವಾಗುತ್ತಿದೆ, ಏನಾದರೂ ತೊಂದರೆಯೇ?

ಮನೆಯಲ್ಲಿ ಓಪನರ್ ಎರಡಿವೆ.
ಒಂದರ ಹಿಡಿ ಸಡಿಲ.
ಮೊದಲು ಅದನ್ನೇ ಕೊಡೋಣ ಅಂದುಕೊಂಡೆ.
ಸಿಗ್ನಲ್ಲು ಕೆಂಪಾಯಿತು. ಕೈ ಮೂಸಿಕೊಂಡೆ,
ಇನ್ನೊಮ್ಮೆ ಮೂಸಿಕೊಂಡೆ.
ಏಳನೇ ಬಾಗಿಲಿಗೆ ಇನ್ನೂ ಎರಡು ಮೈಲಿ.